ಪಂಚಮಿ ಸೀರೆ, ಪಹಣಿಯ 9ನೇ ಕಾಲಂ

ಕಲಬುರಗಿ, 30 ಜುಲೈ 2025, ಬುಧವಾರ

ನಿನ್ನೆ ನಾಗರ ಪಂಚಮಿ. ಜೇವರ್ಗಿ, ಆಳಂದ, ಸೇಡಂ ಕಡೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ತವರಿಗೆ ಹೊರಟ ಹೆಣ್ಣುಮಕ್ಕಳು, ಮಡಿಲಲ್ಲಿ ಕೂಸು, ಚೀಲದಲ್ಲಿ ಶೇಂಗಾ ಉಂಡಿ. ಹಬ್ಬ ಮುಗಿದ ಮಾರನೇ ದಿನದಿಂದ ಇನ್ನೊಂದು ಓಡಾಟ ಶುರುವಾಗುತ್ತದೆ. ತಂಗಿ ಹೇಗೂ ಊರಿಗೆ ಬಂದಿದ್ದಾಳೆ, ಮತ್ತೆ ಬರುವುದು ಯಾವಾಗಲೋ. ಅಣ್ಣ ಅವಳ ಆಧಾರ್ ನಕಲು, ಎರಡು ಫೋಟೊ ಮೊದಲೇ ತರಿಸಿಟ್ಟು, ಉಪನೋಂದಣಿ ಕಚೇರಿಯಲ್ಲಿ ಸಮಯ ಗೊತ್ತು ಮಾಡಿಸಿರುತ್ತಾನೆ. "ಒಂದು ಸೈ ಅದ ತಂಗಿ, ಐದು ನಿಮಿಷದ ಕೆಲಸ." ಆ ಐದು ನಿಮಿಷದ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. ಅವಳಿಗೆ ಉಡಿ ತುಂಬಿದ ಸೀರೆ, ಅವನಿಗೆ ಅವಳ ಪಾಲಿನ ತೊಗರಿ ಹೊಲ.

ಇವತ್ತಿನ ತಾರೀಖಿಗೂ ಆ ಕಾಗದಕ್ಕೂ ನಂಟಿದೆ. 1994ರ ಜುಲೈ 30ರಂದೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಾಗೆ ಮಗಳೂ ಹುಟ್ಟಿನಿಂದಲೇ ಪಾಲುದಾರಳು ಎಂದು ನಮ್ಮ ರಾಜ್ಯ ಒಪ್ಪಿದ್ದು ಅವತ್ತು. ಆಂಧ್ರ, ತಮಿಳುನಾಡು ನಮಗಿಂತ ಮೊದಲೇ ಒಪ್ಪಿದ್ದವು. ಮಹಾರಾಷ್ಟ್ರ ಅದೇ ವರ್ಷದ ಜೂನ್‌ನಲ್ಲಿ. ಆದರೆ ನಮ್ಮ ಕಾನೂನಿನಲ್ಲಿ ಒಂದು ಕೊಕ್ಕೆ ಇತ್ತು: ಆ ದಿನಕ್ಕಿಂತ ಮೊದಲು ಮದುವೆಯಾದ ಮಗಳಿಗೆ ಅದು ಅನ್ವಯಿಸದು. ಎಳೆ ವಯಸ್ಸಿಗೇ ಮದುವೆ ಮಾಡಿ ಕಳಿಸುತ್ತಿದ್ದ ನಮ್ಮ ಭಾಗದಲ್ಲಿ ಇದರ ಅರ್ಥ, ಇವತ್ತು ಐವತ್ತು ದಾಟಿದ ಬಹಳಷ್ಟು ಹೆಂಗಸರು ಬಾಗಿಲ ಹೊರಗೇ ಉಳಿದರು. ಆ ಕೊಕ್ಕೆ ಕಳಚಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ. ಮದುವೆ ಯಾವಾಗಲೇ ಆಗಿರಲಿ, ಮಗಳು ಮಗಳೇ.

ಇದನ್ನು ಯಾರೂ ತಾವಾಗಿ ಕೈಗಿಡಲಿಲ್ಲ. ಹೆಣ್ಣಿಗೆ ಆಸ್ತಿ ಹಕ್ಕು ಕೊಡಲಿದ್ದ ಹಿಂದೂ ಸಂಹಿತೆ ಮಸೂದೆಗೆ ಅಡ್ಡಿಯಾಯಿತು; ಅದೂ ಒಂದು ಕಾರಣವಾಗಿ ಅಂಬೇಡ್ಕರ್ 1951ರಲ್ಲಿ ಮಂತ್ರಿಪದವಿ ಬಿಟ್ಟರು. 1956ರಲ್ಲಿ ಬಂದ ಕಾಯ್ದೆ ಮಗಳಿಗೆ ಕೊಟ್ಟಿದ್ದು ಅಪ್ಪನ ಪಾಲಿನೊಳಗಿನ ಒಂದು ಚೂರು ಮಾತ್ರ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾನೂನು ಆಗಿತ್ತು. ನಾವು ಆಗ ನಿಜಾಮನ ಸೀಮೆ, ಅದು ಇಲ್ಲಿಗೆ ತಲುಪಲೇ ಇಲ್ಲ. ಮುಂದಿನ ದಾರಿ ತೆರೆದದ್ದು ಎಪ್ಪತ್ತರ ದಶಕದ ಮಹಿಳಾ ಚಳವಳಿ. ದೇಶದ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿ 1974ರಲ್ಲಿ ವರದಿ ಕೊಟ್ಟು, ಸಂವಿಧಾನ ಹೇಳುವ ಸಮಾನತೆಗೂ ಮನೆಯೊಳಗಿನ ಬದುಕಿಗೂ ಇರುವ ದೂರವನ್ನು ಮುಚ್ಚುಮರೆಯಿಲ್ಲದೆ ಬರೆಯಿತು. ಬಿಹಾರದ ಬೋಧಗಯಾದಲ್ಲಿ ಮಠದ ಜಮೀನಿಗಾಗಿ ಹೋರಾಡಿದ ಕೂಲಿ ಹೆಂಗಸರು, ಭೂಮಿ ಗಂಡಸರ ಹೆಸರಿಗಷ್ಟೇ ಯಾಕೆ ಎಂದು ತಮ್ಮ ಜೊತೆಯವರನ್ನೇ ಕೇಳಿ, ಎಂಬತ್ತರ ದಶಕದಲ್ಲಿ ತಮ್ಮ ಹೆಸರಿಗೂ ಪಟ್ಟಾ ಪಡೆದರು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ 1990ರ ಸುಮಾರಿಗೆ ಅಲ್ಲಿನ ರೈತರ ಶೇತಕರಿ ಸಂಘಟನೆ 'ಲಕ್ಷ್ಮೀ ಮುಕ್ತಿ' ಎಂದು ಹೆಂಡಂದಿರ ಹೆಸರಿಗೆ ಜಮೀನು ಮಾಡಿಸುವ ಅಭಿಯಾನ ನಡೆಸಿತು. ನಮ್ಮಲ್ಲಿ ಹಳ್ಳಿ ಹೆಂಗಸರ ಸಂಘ ಕಟ್ಟುವ ಸರಕಾರಿ ಕಾರ್ಯಕ್ರಮ ಮಹಿಳಾ ಸಮಾಖ್ಯ 1989ರಲ್ಲಿ ಶುರುವಾದಾಗ ಮೊದಲ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು.

2005ರ ಒಂದು ಸಂಗತಿಯನ್ನಂತೂ ಹೇಳಲೇಬೇಕು. 2004ರ ಡಿಸೆಂಬರ್ 20ರಂದು ಸಂಸತ್ತಿಗೆ ಬಂದ ಮಸೂದೆ ಕೃಷಿ ಜಮೀನಿನ ವಿನಾಯಿತಿಯನ್ನು ಹಾಗೇ ಉಳಿಸಿಕೊಂಡಿತ್ತು. ಗೇಣಿ, ಭೂಮಿತಿಯಂಥ ರಾಜ್ಯ ಕಾನೂನುಗಳ ಕೆಳಗಿನ ಹೊಲಗದ್ದೆಗೆ ಈ ಸಮಾನತೆ ಮುಟ್ಟುತ್ತಿರಲಿಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಮತ್ತು ಮಹಿಳಾ ಸಂಘಟನೆಗಳು ತಿಂಗಳುಗಟ್ಟಲೆ ಪಟ್ಟುಹಿಡಿದ ಮೇಲೆ 4(2)ನೇ ಕಲಂ ಬಿದ್ದುಹೋಯಿತು. ಆಸ್ತಿ ಎಂದರೆ ಹೊಲವೇ ಆಗಿರುವ ಯಾದಗಿರಿ, ಕಲಬುರಗಿಗೆ ಆ ಒಂದು ಉಪಕಲಮಿನ ಬೆಲೆ ಎಷ್ಟೆಂದು ಹೇಳಬೇಕಿಲ್ಲ. ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ತಾವಾಗಿ ಪಾಲು ಕೇಳದಂತೆ ತಡೆದಿದ್ದ 23ನೇ ಕಲಂ ಕೂಡ ಅದರೊಂದಿಗೇ ಹೋಯಿತು.

ಲೆಕ್ಕ ಹಾಕಿ ನೋಡಿದರೆ ಇದು ಮನಸ್ಸಿಗೆ ನಾಟುತ್ತದೆ. ಪಿತ್ರಾರ್ಜಿತ ಹೊಲ 8 ಎಕರೆ, ಅಂದರೆ 320 ಗುಂಟೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ತಾಯಿ ಮೊದಲೇ ತೀರಿಕೊಂಡಿದ್ದಾರೆ. ಹಳೆಯ ಕಾಯ್ದೆಯಲ್ಲಿ ಅಪ್ಪ ಮತ್ತು ಇಬ್ಬರು ಗಂಡುಮಕ್ಕಳು ಮೂರು ಪಾಲು. ಅಪ್ಪ ಸತ್ತ ಮೇಲೆ ಅವನ ಮೂರನೇ ಒಂದು ಭಾಗ ಮಾತ್ರ ನಾಲ್ವರಿಗೆ ಹಂಚಿಕೆ. ಮಗಳಿಗೆ ಹನ್ನೆರಡನೇ ಒಂದು ಭಾಗ: 26 ಗುಂಟೆ 10 ಆಣೆ ಚಿಲ್ಲರೆ. ಈಗ ಅಪ್ಪನೂ ನಾಲ್ಕು ಮಕ್ಕಳೂ ಐದು ಪಾಲು, ಅಪ್ಪನ ಪಾಲು ಮತ್ತೆ ನಾಲ್ವರಿಗೆ ಸಮ. ಮಗಳಿಗೆ 80 ಗುಂಟೆ, ಪೂರ್ತಿ ಎರಡು ಎಕರೆ. ತಾಯಿ ಬದುಕಿದ್ದರೆ ಲೆಕ್ಕ ಬದಲಾಗುತ್ತದೆ, ಆಗ ವಕೀಲರ ಹತ್ತಿರ ಕೂತು ಮಾಡಿಸಬೇಕು. ಪಾಲಿನ ಜೊತೆಗೆ ಕುಟುಂಬದ ಹೊಣೆಗಾರಿಕೆಯೂ ಬರುತ್ತದೆ, ಇದನ್ನು ಮುಚ್ಚಿಡಬಾರದು. ಅಪ್ಪ ಸ್ವಂತ ದುಡಿದು ಕೊಂಡ ಆಸ್ತಿಯ ಮಾತು ಬೇರೆ: ಅದನ್ನು ಅವನು ಉಯಿಲು ಬರೆದು ಯಾರಿಗಾದರೂ ಕೊಡಬಹುದು. ಉಯಿಲಿಲ್ಲದೆ ಸತ್ತರೆ ಹೆಂಡತಿ, ಮಕ್ಕಳು ಎಲ್ಲರಿಗೂ ಸಮಪಾಲು.

ಈಗ ಪಹಣಿ, ಅಂದರೆ ಹೊಲ ಯಾರದೆಂದು ಹೇಳುವ ಕಂದಾಯ ದಾಖಲೆ. 9ನೇ ಕಾಲಮಿನಲ್ಲಿ ಹಕ್ಕುದಾರರ ಹೆಸರು, ವಿಸ್ತೀರ್ಣ, ಖಾತೆ ನಂಬರ್. 10ರಲ್ಲಿ ಆ ಹಕ್ಕು ಹೇಗೆ ಬಂತು, ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಎಷ್ಟು. 11ರಲ್ಲಿ ಸಾಲ ಮತ್ತು ಇತರ ಹಕ್ಕು. 12ರಲ್ಲಿ ಯಾರು ಸಾಗುವಳಿ ಮಾಡುತ್ತಿದ್ದಾರೆ, ಯಾವ ಬೆಳೆ. ಹೆಂಗಸು ಬೆಳಗಿಂದ ಸಂಜೆವರೆಗೆ ಬಗ್ಗಿ ಕಸ ತೆಗೆದರೂ 9ರಲ್ಲಿ ಹೆಸರಿಲ್ಲದಿದ್ದರೆ ಸರಕಾರದ ಕಣ್ಣಿಗೆ ಅವಳು ರೈತಳಲ್ಲ, ಕೂಲಿ. ರೈತರನ್ನು ನೋಂದಾಯಿಸುವ ಸರಕಾರದ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಪಹಣಿಗೆ ಅಂಟಿಕೊಂಡಿದೆ. ಬೆಳೆಸಾಲ, ಬೆಳೆವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲ ಅದೇ ದಾರಿಯಲ್ಲಿ ಬರುತ್ತವೆ. ಮತದ ಹಕ್ಕು ಅವಳಿಗೆ ಮೊದಲ ಚುನಾವಣೆಯಿಂದಲೂ ಇದೆ. ಬ್ಯಾಂಕಿನ ಮ್ಯಾನೇಜರ್ ಎದುರು ತಲೆಯೆತ್ತಿ ಕೂರುವ ಹಕ್ಕು ಈ ಕಾಲಮಿನಿಂದ ಬರುತ್ತದೆ.

ಹೆಸರು ತಪ್ಪಿಹೋಗುವುದು ಹೆಚ್ಚಾಗಿ ಪೌತಿ ಖಾತೆಯ ಹೊತ್ತಿಗೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಆಗುವಾಗ. ಅಪ್ಪ ತೀರಿದ ಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಅರ್ಜಿ ಹೋಗುತ್ತದೆ. ವಂಶವೃಕ್ಷಕ್ಕೆ ಅಫಿಡವಿಟ್ ಬರೆದುಕೊಡುವವನು ಸಾಮಾನ್ಯವಾಗಿ ಹಿರಿಮಗ, ಅವನು ಅಕ್ಕತಂಗಿಯರ ಹೆಸರನ್ನೇ ಬಿಡುತ್ತಾನೆ. ಹಳ್ಳಿಯಲ್ಲಿ ಇನ್ನೂ ತಲಾಟಿ ಎಂದೇ ಕರೆಯುವ ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆಗೆ ಬಂದಾಗ ಸಾಕ್ಷಿ ನಿಲ್ಲುವವರೂ ಗಂಡಸರೇ, ಮಗಳಿರುವುದು ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಆಮೇಲೆ 30 ದಿನದ ನೋಟಿಸ್. ಅದು ಚಾವಡಿಯ ಗೋಡೆಗೆ ಅಂಟುತ್ತದೆ, ಗಂಡನ ಮನೆಯಲ್ಲಿರುವ ಅವಳಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಅಪ್ಪ ತೀರಿದ ಮೂರು ತಿಂಗಳೊಳಗೆ ಅವಳೇ ತನ್ನ ಹಕ್ಕನ್ನು ವರದಿ ಮಾಡುವುದು ಒಳ್ಳೆಯದು. ನೋಟಿಸ್ ಅವಧಿಯಲ್ಲಿ ತಿಳಿದರೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಆಗ ಪ್ರಕರಣ ತಕರಾರು ವಹಿಗೆ ಹೋಗುತ್ತದೆ. ತಾನು ಮಗಳು ಎಂದು ತೋರಿಸಲು ಶಾಲೆಯ ಟಿ.ಸಿ., ತವರಿನ ಹಳೆಯ ರೇಷನ್ ಕಾರ್ಡು, ಹಳೆಯ ಮತದಾರರ ಪಟ್ಟಿ ನೆರವಿಗೆ ಬರುತ್ತವೆ. ಆಧಾರಿನಲ್ಲಿ ಗಂಡನ ಹೆಸರಿರುವುದರಿಂದ ಅದೊಂದನ್ನೇ ನಂಬಬಾರದು. ಖಾತೆ ಆಗಿಯೇ ಹೋಗಿದ್ದರೆ ಭೂ ಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ. ಹಾಗೆಂದು ಧೈರ್ಯಗೆಡಬೇಕಿಲ್ಲ: ಮ್ಯುಟೇಶನ್ ಎಂಬುದು ಕಂದಾಯದ ದಾಖಲೆ, ಅಷ್ಟರಿಂದ ಯಾರ ಹಕ್ಕೂ ಹುಟ್ಟುವುದಿಲ್ಲ, ಸಾಯುವುದೂ ಇಲ್ಲ.

ಹಳ್ಳಿಕಟ್ಟೆಯ ಮಾತುಗಳು ನಾಲ್ಕೈದೇ, ಎಲ್ಲ ಕಡೆ ಅವೇ. "ಅಪ್ಪ 2005ಕ್ಕಿಂತ ಮೊದಲೇ ಸತ್ತಾನ, ನಿನಗ ಬರಂಗಿಲ್ಲ." ಇದಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು: 2015ರ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಗೇ ಹೇಳಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ಅಪ್ಪ ಬದುಕಿರಬೇಕೆಂದಿಲ್ಲ. "ಹಿಂದೇ ಬಾಯಿಮಾತಲ್ಲಿ ವಾಟ್ನಿ (ಪಾಲು) ಆಗ್ಯಾದ." 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಿಭಜನೆ ಮಾತ್ರ ನಿಲ್ಲುತ್ತದೆ, ಬಾಯಿಮಾತಿನದು ಸರಕಾರಿ ದಾಖಲೆಗಳ ಗಟ್ಟಿ ಬೆಂಬಲವಿಲ್ಲದೆ ನಿಲ್ಲದು. "ಮದುವೀಗಿ ಖರ್ಚು ಮಾಡೇವಿ, ಬಂಗಾರ ಹಾಕೇವಿ." ಮದುವೆ ಖರ್ಚು ಆಸ್ತಿಯ ಪಾಲಲ್ಲ. ವರದಕ್ಷಿಣೆ ಕೊಟ್ಟಿದ್ದನ್ನೇ ಪಾಲು ಎಂದು ತೋರಿಸುವವನು 1961ರ ಕಾಯ್ದೆಯ ಪ್ರಕಾರ ತನ್ನ ಅಪರಾಧವನ್ನೇ ಒಪ್ಪಿಕೊಂಡಂತೆ.

ಇಷ್ಟೆಲ್ಲ ಗೆದ್ದ ಹಕ್ಕು ಒಂದು ಬಿಡುಗಡೆ ಪತ್ರದಲ್ಲಿ ಕರಗುತ್ತದೆ ಎಂಬುದೇ ಹೊಟ್ಟೆಗೆ ಬೆಂಕಿ ಹಾಕುವ ಸಂಗತಿ. ಅದಕ್ಕೇ ಉಪನೋಂದಣಾಧಿಕಾರಿಯ ಮೇಜಿನ ಮುಂದೆ ಏನಾಗುತ್ತದೆ ಎಂದು ಬಿಡಿಸಿ ಬರೆಯುತ್ತಿದ್ದೇವೆ. ಪತ್ರ ಮೊದಲೇ ಟೈಪಾಗಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೆ ಏರಿರುತ್ತದೆ. ಅಧಿಕಾರಿ ಕೇಳುವ ಪ್ರಶ್ನೆ ಒಂದೇ: ಇದನ್ನು ನೀನೇ ಬರೆದುಕೊಟ್ಟಿದ್ದೀಯಾ, ಒಪ್ಪಿಗೆ ಇದೆಯಾ? ಅಲ್ಲಿ "ಇಲ್ಲ" ಎಂದರೆ ನೋಂದಣಿ ಕಾಯ್ದೆಯ 35ನೇ ಕಲಂ ಪ್ರಕಾರ ಅವರು ಆ ಪತ್ರವನ್ನು ನೋಂದಾಯಿಸುವಂತಿಲ್ಲ. ಹೆಬ್ಬೆಟ್ಟು ಒತ್ತುವವಳು ಮೊದಲು ಓದಿ ಹೇಳಿಸಬೇಕು. ಓದುವಾಗ ಎರಡು ಕಡೆ ಕಿವಿಗೊಡಬೇಕು. ಒಂದು, ಹಣ ಮುಟ್ಟಿದೆ ಎಂಬ ಸಾಲು: ಬಿಡಿಗಾಸು ಮುಟ್ಟದೆ ಇಂತಿಷ್ಟು ಲಕ್ಷ ಮುಟ್ಟಿದೆ ಎಂದು ಬರೆದಿರುತ್ತಾರೆ. ಇನ್ನೊಂದು, ಕೊನೆಯ ಆಸ್ತಿ ಷೆಡ್ಯೂಲ್: ಒಂದು ಸರ್ವೆ ನಂಬರ್ ಎಂದು ಕರೆತಂದು ಮೂರು ಹೊಲ, ಮನೆ, ಖುಲ್ಲಾ ಜಾಗ ಎಲ್ಲ ಸೇರಿಸಿರುತ್ತಾರೆ. ನೋಂದಣಿಯಾಗದ ಬಾಂಡ್ ಪೇಪರಿನ ಒಪ್ಪಿಗೆಯಿಂದ ಹಕ್ಕು ಹೋಗುವುದಿಲ್ಲ, ಆದರೂ ಖಾಲಿ ಬಾಂಡಿಗೆ ಸಹಿ ಯಾಕೆ? ಮೋಸದಿಂದ ನೋಂದಣಿಯೇ ಆಗಿದ್ದರೆ, ಮೋಸ ತಿಳಿದ ದಿನದಿಂದ 3 ವರ್ಷದೊಳಗೆ ರದ್ದತಿಗೆ ದಾವೆ ಹೂಡಬೇಕು. ಈ ಗಡುವನ್ನು ಬಹಳ ಜನ ದಾಟಿಸಿಕೊಳ್ಳುತ್ತಾರೆ.

ಅಣ್ಣತಮ್ಮಂದಿರು ಒಪ್ಪದಿದ್ದರೆ ಪಾಲಿನ ದಾವೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕರ್ತವ್ಯ, ಸಹಾಯವಾಣಿ 15100. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಹೂಡುವ ದಾವೆಗೆ ಕೋರ್ಟ್ ಫೀ ಹೆಚ್ಚೆಂದರೆ 200 ರೂಪಾಯಿ. ಹೊರಗಿಟ್ಟಿದ್ದಾರೆ ಎಂದು ಬರೆದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ. ದಾವೆಯಲ್ಲಿ ಕುಟುಂಬದ ಎಲ್ಲ ಆಸ್ತಿ, ಎಲ್ಲ ಪಾಲುದಾರರು ಇರಬೇಕು. ಒಬ್ಬ ಅಕ್ಕನನ್ನು ಬಿಟ್ಟರೂ ಎದುರು ಪಕ್ಷಕ್ಕೆ ಅದೇ ಅಸ್ತ್ರ. ಹೊಲವನ್ನು ಬೇರೆಯವರಿಗೆ ಮಾರದಂತೆ ಮೊದಲ ದಿನವೇ ಪರಭಾರೆ ತಡೆಯಾಜ್ಞೆ ಕೇಳಬೇಕು. ಪ್ರಾಥಮಿಕ ಡಿಕ್ರಿ ಬಂದಾಗ ಎಲ್ಲ ಮುಗಿಯಿತೆಂದು ಪೇಡಾ ಹಂಚುತ್ತಾರೆ. ಮುಗಿದಿರುವುದಿಲ್ಲ. ಅದು ಪಾಲು ಎಷ್ಟೆಂದು ಮಾತ್ರ ಹೇಳುತ್ತದೆ, ಹೊಲ ಅಳೆದು ಕೊಡುವುದು ಅಂತಿಮ ಡಿಕ್ರಿ. ಅದಕ್ಕೆ ಕೋರ್ಟೇ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆದರೂ ವಕೀಲರನ್ನು ಬೆನ್ನು ಹತ್ತಿ ಕೇಳುತ್ತಿರಬೇಕು.

ಹಿಂದೂ ಉತ್ತರಾಧಿಕಾರ ಕಾಯ್ದೆ ಎಲ್ಲರಿಗೂ ಅನ್ವಯಿಸದು. ಲಿಂಗಾಯತ, ಬೌದ್ಧ, ಜೈನ, ಬೀದರಿನ ಸಿಖ್ಖರು ಇದರೊಳಗೆ ಬರುತ್ತಾರೆ. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಲ್ಲಿರುವ ಲಂಬಾಣಿಗರೂ ಬರುತ್ತಾರೆ. ಮುಸ್ಲಿಂ ಮಗಳಿಗೆ ಅವರ ಕಾನೂನಿನಂತೆ ಮಗನ ಅರ್ಧ ಪಾಲು, ಮಕ್ಕಳಿರುವ ವಿಧವೆಗೆ ಎಂಟನೇ ಒಂದು. ಆ ಅರ್ಧವೂ ಕೈಗೆ ಬಾರದ ಮನೆಗಳಿವೆ. ಪರಿಶಿಷ್ಟ ಪಂಗಡದ ಮಟ್ಟಿಗೆ ಈ ಕಾಯ್ದೆಯ 2(2)ನೇ ಕಲಂ ಬಾಗಿಲು ಮುಚ್ಚಿಬಿಡುತ್ತದೆ. ಸುರಪುರ, ಶಹಾಪುರದ ನಾಯಕ ಸಮಾಜದ ಹೆಣ್ಣುಮಕ್ಕಳಿಗೆ ಎದುರು ಪಕ್ಷದ ವಕೀಲರು ಮೊದಲು ತೋರಿಸುವುದು ಇದನ್ನೇ. ಅದಕ್ಕೇ 2025ರ ಜುಲೈ 17ರ ಸುಪ್ರೀಂ ಕೋರ್ಟ್ ತೀರ್ಪು ದೊಡ್ಡದು. ಛತ್ತೀಸಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ, ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿ ಸಾಬೀತಾಗದ ಮೇಲೆ ಅವಳ ವಾರಸುದಾರರಿಗೆ ಸಮಪಾಲು ಕೊಡಬೇಕು, ಇಲ್ಲವೆಂದರೆ ಅದು ಸಮಾನತೆಗೆ ವಿರುದ್ಧ ಎಂದಿತು. ರೂಢಿ ಇದೆ ಎನ್ನುವವರೇ ಅದನ್ನು ತೋರಿಸಿಕೊಡಲಿ. ಯಾದಗಿರಿಯ ದಾವೆಗಳಲ್ಲಿ ಈ ತೀರ್ಪನ್ನು ಕೂಡಲೇ ಹಾಜರುಪಡಿಸಬೇಕು.

ಪಾಲು ಬಂದ ಮೇಲೂ ಕೆಲಸ ಉಳಿದಿರುತ್ತದೆ. ಜಂಟಿ ಪಹಣಿಯಲ್ಲಿ ಹೆಸರು ಸೇರಿದರೂ ವಿಸ್ತೀರ್ಣ ಒಟ್ಟಿಗೇ ಇದ್ದರೆ ಬ್ಯಾಂಕಿನವರು ಎಲ್ಲರ ಸಹಿ ಕೇಳುತ್ತಾರೆ, ಅಣ್ಣ ಸಹಿ ಹಾಕುವುದಿಲ್ಲ. ಸರ್ವೆಗೆ ಅರ್ಜಿ ಕೊಟ್ಟು, ಅವಳ ಭಾಗ ಗುರುತಿಸುವ 11ಇ ನಕ್ಷೆ, ಪೋಡಿ (ಅಳೆದು ಬೇರೆ ಮಾಡುವುದು) ಮಾಡಿಸಿ, ಅವಳ ಎರಡು ಎಕರೆಗೆ ಬೇರೆ ಹಿಸ್ಸಾ ನಂಬರ್ ಬಿದ್ದಮೇಲೆ ಫ್ರೂಟ್ಸ್‌ನಲ್ಲಿ ನೋಂದಣಿ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ ಇತ್ತು. ಖರೀದಿ ಕೇಂದ್ರದಲ್ಲಿ ಹೆಸರು ಬರೆಸುವ ಸಾಲು ಶುರುವಾಗುವ ಮೊದಲೇ ಅವಳ ಗುರುತಿನ ಸಂಖ್ಯೆ ಬಂದಿರಬೇಕು. ದಾವೆ, ನಕ್ಷೆ ಬೇಕಿಲ್ಲದ, ಅಣ್ಣತಮ್ಮಂದಿರು ಒಪ್ಪಿರುವ ಮನೆಗಳಲ್ಲಿ ಇದು ಈ ಹಂಗಾಮಿಗೇ ಆಗುವ ಕೆಲಸ: ಪೌತಿ ಅರ್ಜಿಯಲ್ಲಿ ಎಲ್ಲ ಮಕ್ಕಳ ಹೆಸರು, 30 ದಿನದ ನೋಟಿಸ್, ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಹೊಸ ಪಹಣಿ.