ಗಿಡದ ಅಕ್ವೇರಿಯಂ: ಮಣ್ಣು ಬಿತ್ತು, ನೀರು ತುಂಬಿತು

ಟ್ಯಾಂಕಿಗೆ ಮಣ್ಣು ಹಾಕಿ, ಗಿಡ ನೆಟ್ಟು, ನೀರು ತುಂಬಿಸಿದ್ದೇನೆ. ಎರಡಡಿ ಉದ್ದ, ಅಗಲ ಎತ್ತರ ಒಂದೊಂದು ಅಡಿ. ಸುಮಾರು 55 ಲೀಟರ್ ಹಿಡಿಯುತ್ತದೆ. ಮೀನು ಇನ್ನೂ ಬಿಟ್ಟಿಲ್ಲ.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಮಣ್ಣಿಗೆ. ಮನೆ ಸುತ್ತ ತೋಟ ಇರುವಾಗ ಮಣ್ಣಿಗೇನು ಬರ ಅಂತ ಮಡಿಕೇರಿ ಕಡೆಯ ಯಾರಿಗಾದರೂ ಅನಿಸುತ್ತದೆ. ಆದರೆ ಕಾಫಿ ತೋಟದ ಮಣ್ಣು ಬೇಡ. ಕಾಫಿಯ ಎಲೆ ತುಕ್ಕಿಗೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ ಅಲ್ವಾ? ಅದರ ಮೈಲುತುತ್ತದಲ್ಲಿರುವುದು ತಾಮ್ರ. ಅದು ಮಳೆಗೆ ತೊಳೆದುಹೋಗದೆ ಮೇಲ್ಮಣ್ಣಲ್ಲೇ ಸೇರುತ್ತಾ ಹೋಗುತ್ತದೆ. ಸಿಗಡಿ, ಬಸವನಹುಳುಗಳಿಗೆ ಚೂರು ತಾಮ್ರವೂ ವಿಷ. ನನಗೆ ಸಿಗಡಿ ಸಾಕುವ ಆಸೆ ಬಹಳ. ಹಾಗಾಗಿ ಯಾವತ್ತೂ ಸ್ಪ್ರೇ ಕಾಣದ ಬಾಣೆಯಿಂದ (ಗದ್ದೆಗೆ ಸೇರಿದ ಕಾಡುಜಾಗ) ಮಣ್ಣು ತಂದೆ. ಬೇರು, ಕಡ್ಡಿ ಆರಿಸಿ, ಜರಡಿ ಹಿಡಿದು, ನೀರಲ್ಲಿ ನೆನೆಸಿ, ತೇಲಿದ್ದನ್ನೆಲ್ಲ ಚೆಲ್ಲಿದೆ. ಒಳಗೆ ಕೊಳೆಯುವುದು ಕಡಿಮೆ ಇದ್ದಷ್ಟೂ ಒಳ್ಳೆಯದು. ತಳಕ್ಕೆ ಒಂದಿಂಚು ಮಣ್ಣು, ಅದರ ಮೇಲೆ ಒಂದಿಂಚಿಗಿಂತ ಸ್ವಲ್ಪ ಜಾಸ್ತಿ ತೊಳೆದ ಹೊಳೆ ಮರಳು. ಮರಳು ಮುಚ್ಚಿದ್ದರೆ ಮಣ್ಣು ಕದಡುವುದಿಲ್ಲ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ, ಗಿಡಕ್ಕೆ ಅದು ಬೇಕೇ ಬೇಕು.

ನೀರು ಬಾವಿಯದು. ಕ್ಲೋರಿನ್ ತಲೆನೋವಿಲ್ಲ. ಆದರೆ ತೀರಾ ಮೆದು ನೀರು, ಅಂದರೆ ಸುಣ್ಣದಂಶ ಕಡಿಮೆ. ಟ್ಯಾಂಕಿನಲ್ಲಿ ಕೊಳೆಯುವುದರಿಂದ, ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ, ಅದು ಮೀನಿಗೆ ವಿಷ. ಅದನ್ನು ನೈಟ್ರೈಟ್ ಮಾಡಿ (ಅದೂ ವಿಷವೇ), ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೆಲಸ ಮಾಡಿದಂತೆಲ್ಲ ನೀರು ಹುಳಿಯಾಗುತ್ತದೆ. ಮೆದು ನೀರಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಕೈ ಕಟ್ಟಿ ಕೂರುತ್ತವೆ. ಅದಕ್ಕೇ ಹುಳಿ ತಗ್ಗಿಸುವ ಕಪ್ಪೆಚಿಪ್ಪಿನ ಚೂರುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಟ್ಟಿದ್ದೇನೆ.

ಮಳೆಗಾಲದ ಚಳಿಯೂ ಬ್ಯಾಕ್ಟೀರಿಯಾವನ್ನು ನಿಧಾನ ಮಾಡುತ್ತದೆ. ಹೀಟರ್ 25 ಡಿಗ್ರಿಗೆ ಇಟ್ಟಿದ್ದೇನೆ. ಕರೆಂಟ್ ಹೋದಾಗ ಬಿಸಿ ಉಳಿಯಲೆಂದು ಹಿಂದೆ ಮತ್ತು ಪಕ್ಕಗಳಿಗೆ ಥರ್ಮೋಕೋಲ್. ಸ್ಪಂಜ್ ಫಿಲ್ಟರಿಗೆ ಬ್ಯಾಟರಿಯ ಏರ್ ಪಂಪ್ ಇದೆ. ಗಂಟೆಗಟ್ಟಲೆ ಗಾಳಿ ಇಲ್ಲದಿದ್ದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸೊರಗುತ್ತವೆ. ನಮ್ಮ ಕಡೆ ಹೀಟರಿಗಿಂತ ಮೊದಲು ಇದನ್ನು ತಗೊಳ್ಳಿ ಅಂತ ಹೇಳುತ್ತೇನೆ.

ನೆಟ್ಟಿದ್ದು ವ್ಯಾಲಿಸ್ನೇರಿಯಾ, ರೋಟಾಲಾ, ಕ್ರಿಪ್ಟೋಕೊರೈನ್. ಕ್ರಿಪ್ಟ್‌ನ ಎಲೆಗಳು ಕರಗುತ್ತಿವೆ. ಹೊಸ ನೀರಿಗೆ ಹೊಂದುವಾಗ ಅದು ಹಾಗೇ. ಕಿತ್ತು ನೋಡಬಾರದು, ಬೇರು ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ. ರೋಟಾಲಾ ಆಗಲೇ ತುದಿ ಬಿಟ್ಟಿದೆ, ನೋಡಲು ಎಷ್ಟು ಖುಷಿ! ಗಾಜಿನ ಮೇಲೆ ಕಂದು ಪಾಚಿ ಕೂತಿದೆ. ಲೈಟ್ ದಿನಕ್ಕೆ ಆರು ಗಂಟೆ ಮಾತ್ರ.

ಡೆನಿಸನ್ ಬಾರ್ಬ್ ಬಿಡು ಅಂತ ಗೆಳೆಯರ ಒತ್ತಾಯ. ಪಶ್ಚಿಮ ಘಟ್ಟದ್ದೇ ಚೆಂದದ ಮೀನು, ನಿಜ. ಆದರೆ ಅದು 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಗುಂಪಲ್ಲೇ ಇರಬೇಕು. ಎರಡಡಿಯಲ್ಲಿ ಅದನ್ನು ಸಾಕುವುದು ಅನ್ಯಾಯ. ಜೀಬ್ರಾ ಡೇನಿಯೊ ಚಿಕ್ಕದು, ತಣ್ಣನೆ ನೀರನ್ನೂ ತಡೆಯುತ್ತದೆ. ಅದನ್ನೇ ತರುತ್ತೇನೆ. ಸದ್ಯ ಟೆಸ್ಟ್ ಕಿಟ್‌ನಲ್ಲಿ ನೈಟ್ರೈಟ್ ಕಾಣುತ್ತಿದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಅಲ್ಲೇ ನಿಲ್ಲುವವರೆಗೆ ಒಂದು ಮೀನೂ ಇಲ್ಲ. ಸಿಗಡಿ ಅದಕ್ಕೂ ಆಮೇಲೆ.