ತಲೆಗೆ ಕರೆಂಟ್ ಕೊಡ್ತೀಯಂತೆ, ಹೌದಾ?

ಕುಂಬಳೆಯಿಂದ ಬದಿಯಡ್ಕದವರೆಗೆ ಯಾವ ಮದುವೆಗೆ ಹೋದರೂ, ಊಟಕ್ಕೆ ಕೂತ ಕೂಡಲೇ ಪಕ್ಕದವರು ಇದನ್ನೇ ಕೇಳುತ್ತಾರೆ. ನಾನು ಮಂಗಳೂರಿನ ಒಂದು ಲ್ಯಾಬಿನಲ್ಲಿ ರಿಸರ್ಚ್ ಅಸಿಸ್ಟೆಂಟ್. ತಲೆಬುರುಡೆ ತೆರೆಯದೆ, ಹೊರಗಿನಿಂದಲೇ ಮೆದುಳನ್ನು ಸ್ವಲ್ಪ ಪ್ರಚೋದಿಸಿ ಏನಾಗುತ್ತದೆ ಅಂತ ನೋಡುವ ಅಧ್ಯಯನಗಳು ನಮ್ಮವು. ಹಾಗಾಗಿ ಉತ್ತರ: ಹೌದು, ಕೊಡುತ್ತೇನೆ. ಆದರೆ ಯಾರಿಗೆ ಕೊಟ್ಟೆ, ಯಾರಿಗೆ ಕೊಡಲಿಲ್ಲ ಅಂತ ನನಗೇ ಗೊತ್ತಿರುವುದಿಲ್ಲ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಶಾಕ್ ವಿಷಯ ಮುಗಿಸೋಣ. ಎಲ್ಲರ ತಲೆಯಲ್ಲೂ ಇರುವುದು ಹಳೇ ಸಿನಿಮಾದ ದೃಶ್ಯ, ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ತುರುಕಿ. ಅದು ಇಸಿಟಿಯ, ಅಂದರೆ ಜನ 'ಶಾಕ್ ಟ್ರೀಟ್‌ಮೆಂಟ್' ಅನ್ನುವುದರ, ಕೆಟ್ಟ ಚಿತ್ರ. ನಿಜವಾದ ಇಸಿಟಿ ಒಂದು ಚಿಕಿತ್ಸೆ, ಬೇಕಂತಲೇ ಫಿಟ್ಸ್ ಬರಿಸುವಂಥದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಇಲ್ಲದೆ ಅದನ್ನು ಕೊಡುವಂತೆಯೇ ಇಲ್ಲ. ಅದರಲ್ಲಿ ಕರೆಂಟ್ ಸುಮಾರು 800 ಮಿಲಿಆಂಪ್. ನಮ್ಮ ಒಂದು ಯಂತ್ರ ಟಿಡಿಸಿಎಸ್, ಅಂದರೆ ಹೊರಗಿನಿಂದ ತಲೆಗೆ ಸಣ್ಣ ನೇರ ಕರೆಂಟ್ ಹರಿಸುವಂಥದ್ದು. ಅದರಲ್ಲಿ 1 ಅಥವಾ 2. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜು ತಲೆಗೆ ಕಟ್ಟಿ 20 ನಿಮಿಷ ಕೂರಿಸುತ್ತೇವೆ. ತುರಿಸುತ್ತದೆ, ಚುಮುಚುಮು ಅನ್ನುತ್ತದೆ, ಸ್ಪಂಜಿದ್ದ ಜಾಗ ಕೆಂಪಾಗುತ್ತದೆ, ಸಾಮಾನ್ಯವಾಗಿ ಅಷ್ಟೇ. ಇಷ್ಟು ಕಡಿಮೆ ಕರೆಂಟಿಗೆ ನರಕೋಶ ತಾನಾಗಿ 'ಸಿಡಿಯುವುದಿಲ್ಲ', ಅಂದರೆ ಸಂಕೇತ ಕಳಿಸುವುದಿಲ್ಲ, ಸಿಡಿಯುವುದಕ್ಕೆ ಸ್ವಲ್ಪ ಹತ್ತಿರವೋ ದೂರವೋ ಆಗುತ್ತದೆ.

ಇನ್ನೊಂದು ಯಂತ್ರ ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಜೊತೆಗಾರರು ಮಾಡಿ ತೋರಿಸಿದ್ದು. ತಂತಿಯ ಸುರುಳಿಯೊಂದನ್ನು ತಲೆಯ ಮೇಲಿಟ್ಟರೆ ಅದರ ಕಾಂತಕ್ಷೇತ್ರ ಕ್ಷಣಮಾತ್ರದಲ್ಲಿ ಏರಿ ಇಳಿಯುತ್ತದೆ, ಅದರಿಂದ ಮೆದುಳಿನೊಳಗೇ ಕರೆಂಟ್ ಹುಟ್ಟುತ್ತದೆ. ಇಲ್ಲಿ ನರಕೋಶ ನಿಜವಾಗಿ ಸಿಡಿಯುತ್ತದೆ. ಎಡಗಡೆ ಸರಿಯಾದ ಜಾಗಕ್ಕೆ ಹಿಡಿದು 'ಟಕ್' ಅನ್ನಿಸಿದರೆ ಬಲಗೈ ಬೆರಳು ತಾನಾಗಿ ಹಾರುತ್ತದೆ. ಮೊದಲ ಸಲ ಎಲ್ಲರೂ ನಗುತ್ತಾರೆ, ಆಮೇಲೆ ಒಂಥರಾ ನನ್ನ ಮುಖ ನೋಡುತ್ತಾರೆ.

ಆ 'ಸರಿಯಾದ ಜಾಗ' ಹುಡುಕುವುದೇ ನನ್ನ ಅರ್ಧ ಕೆಲಸ. ದರ್ಜಿಯ ಹಾಗೆ ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಳೆಯುವುದು, ನಡುವೆ ಗುರುತು ಹಾಕುವುದು, ಅಲ್ಲಿಂದ ಕಿವಿಯ ಕಡೆಗೆ ಶೇಕಡಾ 20 ಸರಿದು ಇನ್ನೊಂದು ಗುರುತು. ಇನ್ನು ನಮ್ಮ ಕಡೆಯವರ ತೆಂಗಿನೆಣ್ಣೆ! ಬರುವ ಹಿಂದಿನ ದಿನ ಫೋನ್ ಮಾಡಿ "ಎಣ್ಣೆ ಹಾಕ್ಬೇಡಿ" ಅಂದರೂ ಕೆಲವರು "ಸ್ವಲ್ಪವೇ ಹಾಕಿದ್ದು" ಅಂತ ಮಿರಮಿರ ಮಿಂಚುತ್ತ ಬರುತ್ತಾರೆ. ಎಣ್ಣೆಯಿದ್ದರೆ ಉಪ್ಪುನೀರು ಚರ್ಮಕ್ಕೆ ತಾಗುವುದಿಲ್ಲ, ಮೀಟರಿನಲ್ಲಿ ತಡೆ ಏರುತ್ತದೆ, ಮತ್ತೆ ಒರೆಸು, ಕೂದಲು ಬಿಡಿಸು.

ಉಳಿದ ಅರ್ಧ ಕಾಗದ. ಫಿಟ್ಸ್ ಬಂದಿತ್ತಾ, ತಲೆಯೊಳಗೆ ಲೋಹ ಇದೆಯಾ, ಪೇಸ್‌ಮೇಕರ್ ಇದೆಯಾ, ಗರ್ಭಿಣಿಯಾ, ಯಾವ ಮಾತ್ರೆ ನುಂಗುತ್ತೀರಿ, ರಾತ್ರಿ ನಿದ್ದೆ ಬಂತಾ, ಕುಡಿದಿದ್ದಿರಾ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ತೀರಾ ಅಪರೂಪ, ಆದರೆ ಬರುವುದೇ ಇಲ್ಲ ಅಂತೇನೂ ಇಲ್ಲ, ಅದಕ್ಕೇ ಇಷ್ಟು ತನಿಖೆ. ಗಡಿಯವಳಾಗಿರುವ ಲಾಭ ಇಲ್ಲಿ ಆಗುತ್ತದೆ. ಉಪ್ಪಳ, ಕಾಸರಗೋಡಿನಿಂದ ರೈಲಲ್ಲಿ ಬರುವ ಹುಡುಗರಿಗೆ ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಬೇಕಾದರೂ ಹೇಳಬಲ್ಲೆ. ಇಂಗ್ಲಿಷ್ ಫಾರಂಗೆ ಸುಮ್ನೆ ತಲೆಯಾಡಿಸಿ ಸಹಿ ಹಾಕುವವರು ತಮ್ಮ ಭಾಷೆಯಲ್ಲಿ ಕೇಳಿದ ಮೇಲೆ "ಫಿಟ್ಸಾ? ಚಿಕ್ಕವನಿದ್ದಾಗ ಒಮ್ಮೆ..." ಅಂತ ಶುರು ಮಾಡುತ್ತಾರೆ. ಅವರನ್ನು ಚಹಾ ಕೊಟ್ಟು ವಾಪಸ್ ಕಳಿಸುತ್ತೇವೆ.

ಈಗ ಮೊದಲು ಹೇಳಿದ್ದಕ್ಕೆ ಬರುತ್ತೇನೆ. ಟಿಡಿಸಿಎಸ್ ಯಂತ್ರಕ್ಕೆ ನಾನು ಹಾಕುವುದು ಒಂದು ಕೋಡ್ ಮಾತ್ರ. ಕೆಲವು ಕೋಡಿಗೆ ಕರೆಂಟ್ ಪೂರ್ತಿ ಹೊತ್ತು ಹರಿಯುತ್ತದೆ. ಕೆಲವಕ್ಕೆ ಶುರುವಲ್ಲಿ ಸ್ವಲ್ಪ ಬಂದು ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ತುರಿಕೆ ಜಾಸ್ತಿ ಶುರುವಲ್ಲೇ ಆಗುವುದರಿಂದ ಇಬ್ಬರಿಗೂ ಒಂದೇ ಅನಿಸುತ್ತದೆ. ಇದು ಮೋಸ ಅಲ್ವಾ ಅಂತ ನನ್ನ ಅತ್ತೆ ಕೇಳಿದ್ದರು. ಅಲ್ಲ, ಹೀಗೂ ಆಗಬಹುದು ಅಂತ ಸಹಿಗೆ ಮೊದಲೇ ಹೇಳಿರುತ್ತೇವೆ. ಈ ನಕಲಿ ಕರೆಂಟ್, ಈ ಕೋಡಿನ ಗುಟ್ಟು ಇಲ್ಲದಿದ್ದರೆ ಕಷ್ಟ. ನಕಲಿ ಕರೆಂಟಿನವರೂ "ಇವತ್ತು ತಲೆ ಚುರುಕಾಗಿದೆ" ಅನ್ನುತ್ತಾರೆ, ನನಗೆ ಗೊತ್ತಿದ್ದರೆ ನಾನೂ ಅರಿವಿಲ್ಲದೆ ಅಸಲಿಯವರನ್ನೇ ಹುರಿದುಂಬಿಸುತ್ತೇನೆ.

ಆದ್ದರಿಂದ "ಮಗನಿಗೆ ಪ್ಲಸ್ ಟು ಪರೀಕ್ಷೆ, ಒಮ್ಮೆ ಹಾಕಿ ಕೊಡು" ಅನ್ನುವವರಿಗೆ ನನ್ನ ಉತ್ತರ: ಆಗುವುದಿಲ್ಲ. ನೆನಪು ಹೆಚ್ಚುತ್ತದೆ ಅಂತ ಭರವಸೆ ಕೊಡುವಷ್ಟು ಗಟ್ಟಿ ಫಲಿತಾಂಶ ಇಲ್ಲ. ಒಬ್ಬರಿಂದ ಒಬ್ಬರಿಗೆ ತುಂಬಾ ವ್ಯತ್ಯಾಸ, ಕರೆಂಟಿನ ಬಹುಪಾಲು ಮೆದುಳಿಗೆ ತಲುಪದೆ ಚರ್ಮದಲ್ಲೇ ಹರಿದುಹೋಗುತ್ತದೆ. ವಿಡಿಯೋ ನೋಡಿ 9 ವೋಲ್ಟ್ ಬ್ಯಾಟರಿಯಲ್ಲಿ ಮನೆಯಲ್ಲೇ ಮಾಡಲು ಹೋಗಬೇಡಿ, ಚರ್ಮ ಸುಡುತ್ತದೆ. ಖಿನ್ನತೆಯ ಮಾತು ಬೇರೆ. ಮಾತ್ರೆಗೆ ಬಗ್ಗದ ಖಿನ್ನತೆಗೆ ಟಿಎಂಎಸ್ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಒಪ್ಪಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಅದನ್ನು ನಿರ್ಧರಿಸಬೇಕಾದ್ದು ಮನೋವೈದ್ಯರು, ಮದುವೆ ಊಟದಲ್ಲಿ ಸಿಕ್ಕ ನಾನಲ್ಲ. ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ.

ಅಧ್ಯಯನಕ್ಕೆ ಸುಮ್ನೆ ಕುತೂಹಲದಿಂದ ಬರುವುದಾದರೆ ಬನ್ನಿ. ನಡುವೆ ಬೇಡ ಅನಿಸಿದರೆ ಎದ್ದು ಹೋಗಬಹುದು, ಯಾಕೆ ಅಂತ ನಾವು ಕೇಳುವಂತಿಲ್ಲ.