ಸೆಂಟರಲ್ಲಿರೋ, ನೀಟಾಗಿರೋ, ಅಗ್ಗದ ರೂಮು ಯಾವುದು?

"ಊರ ಮಧ್ಯದಲ್ಲೇ ಇರಬೇಕು, ನೀಟಾಗಿರಬೇಕು, ಜಾಸ್ತಿ ದುಡ್ಡಾಗಬಾರದು. ಯಾವ ಹೋಟೆಲ್ ಹೇಳ್ತೀರಿ?" ಲಂಡನ್, ನ್ಯೂಯಾರ್ಕ್, ಟೋಕಿಯೊ, ಯಾವ ಊರಿಗೆ ಹೊರಟವರೂ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಮೂರರಲ್ಲಿ ಎರಡು ಸಿಗುತ್ತವೆ, ಯಾವುದನ್ನು ಬಿಡ್ತೀರಿ ಅಂದರೆ, "ಮೂರೂ ಬೇಕು, ಅದಕ್ಕೇ ತಾನೇ ನಿಮ್ಮನ್ನು ಕೇಳಿದ್ದು" ಅಂತಾರೆ. ನಾನೇನು ಹೋಟೆಲ್ ಇಟ್ಟುಕೊಂಡಿಲ್ಲ ಸ್ವಾಮಿ.

ಹೆಸರು ಹೇಳಿದರೂ ಉಪಯೋಗವಿಲ್ಲ. ಅದೇ ರೂಮಿಗೆ ಮಂಗಳವಾರ ಒಂದು ರೇಟು, ಭಾನುವಾರ ಇನ್ನೊಂದು. ಆಫೀಸುಗಳೇ ತುಂಬಿರುವ ಏರಿಯಾದಲ್ಲಿ ಸೋಮವಾರದಿಂದ ಗುರುವಾರದವರೆಗೆ ಕಂಪನಿ ಖರ್ಚಿನವರು ಉಳಿಯುತ್ತಾರೆ. ಶುಕ್ರವಾರ ಅವರು ಗಂಟುಮೂಟೆ ಕಟ್ಟಿದ ಮೇಲೆ ರೂಮು ಖಾಲಿ ಬೀಳುತ್ತವೆ, ರೇಟೂ ಇಳಿಯುತ್ತದೆ. ಪ್ರವಾಸಿಗರ ಏರಿಯಾದಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. ಇಡೀ ಊರಿನ ರೇಟೇ ಏರಿ ಕೂತಿದ್ದರೆ ಆ ವಾರ ಅಲ್ಲಿ ದೊಡ್ಡ ಎಕ್ಸಿಬಿಷನ್ನೋ ಮ್ಯಾರಥಾನೋ ಇರುತ್ತದೆ. ಆಗ ಹೋಟೆಲ್ ಹುಡುಕಬೇಡಿ, ತಾರೀಖು ಬದಲಿಸಿ.

ಇನ್ನು ಈ "ಸೆಂಟರ್". ಹಗಲೆಲ್ಲ ಸುತ್ತಾಡಿ ರಾತ್ರಿ ಮಲಗಲು ಬರುವವರಿಗೆ ಸೆಂಟರ್ ಯಾಕೆ? ಮೆಟ್ರೊ ಮ್ಯಾಪ್ ತೆಗೆಯಿರಿ. ನೀವು ನೋಡಬೇಕಾದ ಜಾಗಗಳನ್ನು ಹಾದುಹೋಗುವ ಒಂದೇ ಲೈನ್ ಹಿಡಿದು, 20-30 ನಿಮಿಷ ಆಚೆಗಿರುವ ಸ್ಟೇಷನ್ನುಗಳ ಸುತ್ತ ಹುಡುಕಿ. ಎರಡು ಕಡೆ ರೈಲು ಬದಲಿಸುವ ಹತ್ತಿರದ ಹೋಟೆಲಿಗಿಂತ ನೇರ ರೈಲಿರುವ ದೂರದ್ದೇ ವಾಸಿ. ಸ್ಟೇಷನ್ನಿಂದ ನಡಿಗೆ 10 ನಿಮಿಷ ದಾಟಬಾರದು, ಸೂಟ್‌ಕೇಸ್ ಎಳೆಯುವವರು ನೀವೇ. ಟಿಕೆಟ್ ಲೆಕ್ಕವನ್ನೂ ಹಾಕಿ: ಇಬ್ಬರು, ದಿನಕ್ಕೊಮ್ಮೆ ಹೋಗಿ ಬಂದರೆ, ನಾಲ್ಕು ದಿನಕ್ಕೆ 16 ಟಿಕೆಟ್. ಇದನ್ನು ಸೇರಿಸಿದ ಮೇಲೂ ಅಗ್ಗವಾದರೆ ಮಾತ್ರ ಅಗ್ಗ. ಕೊನೆಯ ರೈಲು ಎಷ್ಟಕ್ಕೆ ಅಂತಲೂ ನೋಡಿಕೊಳ್ಳಿ. ಟೋಕಿಯೊದಲ್ಲಿ ಮಧ್ಯರಾತ್ರಿಯ ಆಸುಪಾಸಿಗೆ ರೈಲು ನಿಂತರೆ ಮತ್ತೆ ಬೆಳಗಿನ ಜಾವವೇ. ತಪ್ಪಿಸಿಕೊಂಡರೆ ಉಳಿಸಿದ್ದೆಲ್ಲ ಟ್ಯಾಕ್ಸಿಗೆ.

"ಹೋಟೆಲ್ ಯಾಕೆ, ಯಾರದಾದರೂ ಮನೆಯನ್ನೇ ಬಾಡಿಗೆಗೆ ಹಿಡಿದರೆ?" ಅನ್ನುವ ಜಾಣರಿಗೆ: ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ ಇದನ್ನು ಬಿಗಿ ಮಾಡಿದೆ. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವವರು ನೋಂದಣಿ ಮಾಡಿಸಿರಬೇಕು, ನೀವಿರುವಾಗ ಅವರೂ ಮನೆಯಲ್ಲೇ ಇರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚಿರುವಂತಿಲ್ಲ. ಲಂಡನ್ನಿನಲ್ಲಾದರೆ ಬೇಸಿಗೆ ರಜೆಯಲ್ಲಿ ಕೆಲವು ಯೂನಿವರ್ಸಿಟಿ ಹಾಸ್ಟೆಲ್ ರೂಮುಗಳು ಹೊರಗಿನವರಿಗೂ ಸಿಗುತ್ತವೆ. ಇದನ್ನು ಹೇಳಿದರೆ ಮೂಗು ಮುರಿಯುತ್ತಾರೆ. ಮುರಿಯಲಿ.

ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ರೇಟನ್ನು ನಂಬಬೇಡಿ. ಟ್ಯಾಕ್ಸ್, ಸರ್ವಿಸ್ ಚಾರ್ಜ್ ಸೇರಿದ ಒಟ್ಟು ಮೊತ್ತ ತೋರಿಸುವ ಆಯ್ಕೆ ಒತ್ತಿ, ಆಮೇಲೆ ಹೋಲಿಸಿ. ಆಮ್‌ಸ್ಟರ್‌ಡ್ಯಾಮ್ 2024ರಿಂದ ರೂಮಿನ ದರದ ಮೇಲೆ ಶೇ. 12.5 ಪ್ರವಾಸಿ ತೆರಿಗೆ ಹಾಕುತ್ತಿದೆ. ಇಂಥದ್ದನ್ನು ಎಷ್ಟೋ ಕಡೆ ಕೌಂಟರಿನಲ್ಲೇ ಕೇಳುತ್ತಾರೆ. ಕೌಂಟರಿನಲ್ಲಿ ಡೆಬಿಟ್ ಕಾರ್ಡ್ ಕೊಟ್ಟರೆ ಡೆಪಾಸಿಟ್ ಅಂತ ತಡೆಹಿಡಿದ ದುಡ್ಡು ವಾಪಸಾಗಲು ದಿನಗಟ್ಟಲೆ ಹಿಡಿಯಬಹುದು. ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನೇ ಕೊಡಿ.

ಫೋಟೊ ನೋಡುವ ಬದಲು ರೂಮಿನ ಚದರ ಮೀಟರ್ ಓದಿ. 10 ಚದರ ಮೀಟರಿನಲ್ಲಿ ಇಬ್ಬರ ಸೂಟ್‌ಕೇಸ್ ಒಟ್ಟಿಗೆ ತೆರೆಯಲು ಜಾಗವಿರುವುದಿಲ್ಲ. ಒಂದು ಮುಚ್ಚಿದ ಮೇಲೆ ಇನ್ನೊಂದು. ಮಂಚದ ಅಗಲವನ್ನೂ ಓದಿ. ಜಪಾನಿನಲ್ಲಿ "ಸೆಮಿ-ಡಬಲ್" ಎಂದರೆ ಸುಮಾರು 120 ಸೆಂಟಿಮೀಟರ್. ಇಬ್ಬರಿಗೆ ಅಂತಲೇ ಬರೆದಿರುತ್ತದೆ, ಹೊರಳಬೇಕೆಂದರೆ ಇಬ್ಬರೂ ಒಟ್ಟಿಗೆ ಹೊರಳಬೇಕು. ರಿವ್ಯೂಗಳಲ್ಲಿ ಇತ್ತೀಚಿನ ಎರಡು-ಮೂರು ತಿಂಗಳವು ಸಾಕು, ತಿಗಣೆ, ಲಿಫ್ಟ್, ಗಲಾಟೆ, ಕಿಟಕಿ ಎಂಬ ಪದಗಳನ್ನು ಹಾಕಿ ಹುಡುಕಿ. ರೂಮಿಗೆ ಹೋದ ತಕ್ಷಣ ಲಗೇಜನ್ನು ಬಾತ್‌ರೂಮಿನಲ್ಲಿಟ್ಟು, ಹಾಸಿಗೆಯ ಮೂಲೆ ಎತ್ತಿ ಹೊಲಿಗೆಯ ಉದ್ದಕ್ಕೂ ಟಾರ್ಚ್ ಬಿಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆಯ ಹಿಕ್ಕೆ. ಪಕ್ಕದ ರೂಮು ಕೊಟ್ಟರೂ ಬೇಡವೆನ್ನಿ, ಗೋಡೆ ದಾಟುವುದು ಅದಕ್ಕೆ ಕಷ್ಟವಲ್ಲ.

ಇಷ್ಟಾದರೂ ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: "ಬುಕ್ ಮಾಡಿದ್ದನ್ನು ಯಾವಾಗ ಕ್ಯಾನ್ಸಲ್ ಮಾಡಬೇಕು?" ದುಡ್ಡು ಉಳಿಯುವುದು ಅಲ್ಲಿ. ತಾರೀಖು ಗೊತ್ತಾದ ದಿನವೇ, ಉಚಿತ ಕ್ಯಾನ್ಸಲ್ ಇರುವ ರೂಮು ಹಿಡಿದಿಡಿ. ಹತ್ತು ದಿನಕ್ಕೊಮ್ಮೆ ಅದೇ ಹೋಟೆಲಿನ ರೇಟು ನೋಡಿ. ಇಳಿದಿದ್ದರೆ ಹೊಸದಾಗಿ ಬುಕ್ ಮಾಡಿ, ಅದು ಖಚಿತವಾದ ಮೇಲೆ ಹಳೆಯದನ್ನು ಬಿಡಿ. ಹೋಟೆಲಿಗೇ ನೇರವಾಗಿ ಫೋನ್ ಮಾಡಿ, ಆ್ಯಪಿನಲ್ಲಿ ಇಷ್ಟಿದೆ, ನೀವೆಷ್ಟಕ್ಕೆ ಕೊಡ್ತೀರಿ ಅಂತಲೂ ಕೇಳಿ. ಆ್ಯಪಿನವರಿಗೆ ಕಮಿಷನ್ ಕೊಡುವುದು ತಪ್ಪುತ್ತದಲ್ಲ, ಕೆಲವರು ಇಳಿಸುತ್ತಾರೆ. ನಾನ್-ರಿಫಂಡಬಲ್ ರೂಮು ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಆಮೇಲೆ ರೇಟು ಅರ್ಧಕ್ಕಿಳಿದರೂ ನೋಡಿಕೊಂಡು ಕೂರಬೇಕು.

ಗಡುವು ಮಾತ್ರ ಹೋಟೆಲ್ ಇರುವ ಊರಿನ ಗಡಿಯಾರದ್ದು. ಸಂಜೆ 6ರವರೆಗೆ ಉಚಿತ ಅಂತ ಟೋಕಿಯೊ ಹೋಟೆಲ್ ಬರೆದಿದ್ದರೆ, ಲಂಡನ್ನಿನಲ್ಲಿ ಕುಳಿತವರಿಗೆ ಬೆಳಿಗ್ಗೆಯೇ ಗಡುವು ಮುಗಿದಿರುತ್ತದೆ. ಒಂದು ದಿನ ಮುಂಚೆಗೇ ಅಲಾರಾಂ ಇಡಿ. ಕ್ಯಾನ್ಸಲ್ ಆಯಿತು ಅಂತ ಮೇಲ್ ಬರುವವರೆಗೆ ಆಗಿಲ್ಲ ಅಂತಲೇ ಲೆಕ್ಕ. ಎರಡು ರೂಮಿನ ದುಡ್ಡು ಕಟ್ಟಿದ ಮೇಲೆ ನನಗೆ ಫೋನ್ ಮಾಡಬೇಡಿ.